ಚಿನ್ನ ಮಾರಿದ ನಾರ್ವೆ, ಚಿನ್ನ ಕೊಂಡ ಭಾರತ

ಪ್ರತಿ ಶುಕ್ರವಾರ ಸಂಜೆ ಭಾರತೀಯ ರಿಸರ್ವ್ ಬ್ಯಾಂಕ್ ದೇಶದ ವಿದೇಶಿ ವಿನಿಮಯ ಮೀಸಲಿನ ಲೆಕ್ಕವನ್ನು ಪ್ರಕಟಿಸುತ್ತದೆ. ಮೀಸಲು ಇಷ್ಟು ಏರಿತು, ಅಷ್ಟು ಇಳಿಯಿತು ಎಂಬ ನಾಲ್ಕು ಸಾಲಿನ ಸುದ್ದಿ ಮರುದಿನದ ಪತ್ರಿಕೆಗಳ ವಾಣಿಜ್ಯ ಪುಟದಲ್ಲಿ ಅಚ್ಚಾಗುತ್ತದೆ. ಏರಿದರೆ ಸಂತೋಷ, ಇಳಿದರೆ ಆತಂಕ. ಆದರೆ ಆ ಹಣ ಯಾರದು, ಎಲ್ಲಿಂದ ಬಂದದ್ದು, ಅದರಲ್ಲಿ ಚಿನ್ನದ ಪಾಲು ಎಷ್ಟು ಮತ್ತು ಏಕೆ ಎಂಬ ಪ್ರಶ್ನೆಗಳು ಆ ನಾಲ್ಕು ಸಾಲಿನಲ್ಲಿ ಹಿಡಿಸುವುದಿಲ್ಲ. ಉತ್ತರ ಬೇಕಿದ್ದರೆ ಎರಡು ದೇಶಗಳ ಲೆಕ್ಕವನ್ನು ಅಕ್ಕಪಕ್ಕದಲ್ಲಿ ಇಟ್ಟು ನೋಡುವುದು ಒಳ್ಳೆಯದು.

ಚಿಕ್ಕಮಗಳೂರು ಜಿಲ್ಲೆಯ ಕೊಪ್ಪ ತಾಲ್ಲೂಕಿನಲ್ಲಿ ನಾರ್ವೆ ಎಂಬ ಊರಿದೆ. ಯೂರೋಪಿನ ಉತ್ತರ ತುದಿಯಲ್ಲಿ ಅದೇ ಹೆಸರಿನ ದೇಶವಿದೆ. ಕನ್ನಡದಲ್ಲಿ ಬರೆದಾಗ ಎರಡರ ಕಾಗುಣಿತವೂ ಒಂದೇ. ಕೊಪ್ಪ, ಶೃಂಗೇರಿ, ನರಸಿಂಹರಾಜಪುರ ತಾಲ್ಲೂಕುಗಳ ತೋಟಗಳಿಂದ ಕಾಫಿ, ಮೆಣಸು ಹೊರದೇಶಗಳಿಗೆ ಹೋದಾಗ ಡಾಲರ್ ಒಳಬರುತ್ತದೆ. ಆ ಡಾಲರ್ ಕೊನೆಗೆ ಭಾರತದ ಮೀಸಲಿನಲ್ಲಿ ಒಂದು ಹನಿಯಾಗಿ ಸೇರುತ್ತದೆ. ದೂರದ ನಾರ್ವೆಯಲ್ಲಿ ಕಡಲ ತಳದ ಎಣ್ಣೆ ಮಾರಿದ ಹಣ ಬೇರೊಂದು ಖಜಾನೆಯನ್ನು ತುಂಬಿಸಿದೆ. ಈ ಎರಡು ಖಜಾನೆಗಳು ಬೆಳೆದ ಬಗೆ ಬೇರೆ. ಹಾಗಾಗಿಯೇ ಒಂದು ದೇಶ ತನ್ನ ಚಿನ್ನವನ್ನು ಮಾರಿಬಿಟ್ಟಿತು, ಇನ್ನೊಂದು ಕೊಳ್ಳುತ್ತ ಬಂದಿತು.

ಮೀಸಲು ಎಂದರೇನು?

ಕಾಫಿ ರಫ್ತುದಾರನೊಬ್ಬ ಇಟಲಿಗೆ ಸರಕು ಕಳುಹಿಸಿ ಡಾಲರ್ ಪಡೆದನೆನ್ನೋಣ. ಬೆಳೆಗಾರನಿಗೆ ಕೊಡಬೇಕಾದದ್ದು ರೂಪಾಯಿ. ಆದ್ದರಿಂದ ಅವನು ಡಾಲರನ್ನು ತನ್ನ ಬ್ಯಾಂಕಿಗೆ ಕೊಟ್ಟು ರೂಪಾಯಿ ಪಡೆಯುತ್ತಾನೆ. ಬ್ಯಾಂಕು ಆ ಡಾಲರನ್ನು ಪೆಟ್ರೋಲಿಯಂ ಕಂಪನಿಗೋ ಚಿನ್ನದ ಆಮದುದಾರನಿಗೋ ಮಾರಬಹುದು. ಮಾರುಕಟ್ಟೆಯಲ್ಲಿ ಡಾಲರ್ ಹೆಚ್ಚಾಗಿ ಹರಿದುಬಂದಾಗ ರಿಸರ್ವ್ ಬ್ಯಾಂಕ್ ಅದನ್ನು ಕೊಳ್ಳುತ್ತದೆ, ಅದಕ್ಕೆ ಪ್ರತಿಯಾಗಿ ಹೊಸ ರೂಪಾಯಿಯನ್ನು ಬಿಡುಗಡೆ ಮಾಡುತ್ತದೆ. ಹೀಗೆ ಕೊಂಡ ಡಾಲರ್, ಯೂರೊ, ಪೌಂಡ್, ಯೆನ್‌ಗಳನ್ನು ಬಹುಪಾಲು ವಿದೇಶಿ ಸರ್ಕಾರಗಳ ಸಾಲಪತ್ರಗಳಲ್ಲಿಯೂ ವಿದೇಶಿ ಬ್ಯಾಂಕುಗಳ ಠೇವಣಿಗಳಲ್ಲಿಯೂ ತೊಡಗಿಸಲಾಗುತ್ತದೆ. ಇದರ ಜೊತೆಗೆ ಚಿನ್ನ, ಅಂತರರಾಷ್ಟ್ರೀಯ ಹಣಕಾಸು ನಿಧಿಯಲ್ಲಿರುವ ವಿಶೇಷ ಹಕ್ಕುಗಳು, ಅದೇ ನಿಧಿಯಲ್ಲಿ ನಮ್ಮ ಪಾಲು, ಈ ನಾಲ್ಕೂ ಕೂಡಿದರೆ ವಿದೇಶಿ ವಿನಿಮಯ ಮೀಸಲು.

ಇಲ್ಲಿ ಗಮನಿಸಬೇಕಾದ ಅಂಶ ಒಂದಿದೆ. ಮೀಸಲಿನಲ್ಲಿರುವ ಪ್ರತಿ ಡಾಲರ್‌ಗೆ ಎದುರಾಗಿ ದೇಶದೊಳಗೆ ಒಂದಿಷ್ಟು ರೂಪಾಯಿ ಆಗಲೇ ಚಲಾವಣೆಗೆ ಬಂದಿರುತ್ತದೆ. ಬೆಳೆಗಾರ ತನ್ನ ಕಾಫಿಯ ಬೆಲೆಯನ್ನು ಪಡೆದು ಖರ್ಚು ಮಾಡಿಯೂ ಆಗಿರುತ್ತದೆ. ಆದ್ದರಿಂದ ಮೀಸಲು ಎಂಬುದು ಸರ್ಕಾರದ ಉಳಿತಾಯವಲ್ಲ. ಅದು ರಿಸರ್ವ್ ಬ್ಯಾಂಕಿನ ಲೆಕ್ಕಪುಸ್ತಕದ ಒಂದು ಬದಿಯಷ್ಟೇ. ಇನ್ನೊಂದು ಬದಿಯಲ್ಲಿ ಹೊಣೆ ಇದ್ದೇ ಇರುತ್ತದೆ.

ಐವತ್ತು ಟನ್ನಿನ ಎರಡು ಪ್ರಯಾಣಗಳು

ಎರಡೂ ದೇಶಗಳ ಚರಿತ್ರೆಯಲ್ಲಿ ಚಿನ್ನ ಹೊರದೇಶಕ್ಕೆ ಪಯಣಿಸಿದ ಒಂದೊಂದು ಪ್ರಸಂಗವಿದೆ. ಆಶ್ಚರ್ಯವೆಂದರೆ ಎರಡರಲ್ಲಿಯೂ ಚಿನ್ನದ ತೂಕ ಬಹುತೇಕ ಒಂದೇ.

1940ರ ಏಪ್ರಿಲ್ 9ರಂದು ಜರ್ಮನಿಯ ಸೇನೆ ನಾರ್ವೆಯ ಮೇಲೆ ದಾಳಿ ಮಾಡಿತು. 1816ರಲ್ಲಿ ಸ್ಥಾಪನೆಯಾದ ಅಲ್ಲಿನ ಕೇಂದ್ರ ಬ್ಯಾಂಕ್ ನಾರ್ಗೆಸ್ ಬ್ಯಾಂಕಿನ ಓಸ್ಲೊ ಕಚೇರಿಯಲ್ಲಿ ಸುಮಾರು 49 ಟನ್ ಚಿನ್ನವಿತ್ತು. ಶತ್ರು ನಗರವನ್ನು ಪ್ರವೇಶಿಸುವ ಹೊತ್ತಿಗೆ ಅದನ್ನು ಲಾರಿಗಳಲ್ಲಿ ಹೇರಿ ಲಿಲ್ಲೆಹಾಮ್ಮರ್ ಪಟ್ಟಣಕ್ಕೆ ಸಾಗಿಸಲಾಯಿತು. ಅಲ್ಲಿಂದ ರೈಲು, ಲಾರಿ, ಮೀನುಗಾರರ ದೋಣಿಗಳ ಮೂಲಕ ಪಶ್ಚಿಮ ಮತ್ತು ಉತ್ತರದ ಕರಾವಳಿಗೆ, ಅಲ್ಲಿಂದ ಬ್ರಿಟನ್ನಿನ ಮೂರು ಯುದ್ಧನೌಕೆಗಳಲ್ಲಿ ಹಂತಹಂತವಾಗಿ ಸಮುದ್ರದಾಚೆಗೆ ಕೊಂಡೊಯ್ಯಲಾಯಿತು. ನಾರ್ವೆಯ ಪ್ರಸಿದ್ಧ ಕವಿ ನೂರ್‌ದಾಲ್ ಗ್ರೀಗ್ ಈ ಸಾಗಣೆಯ ಕಾವಲಿನಲ್ಲಿದ್ದರು. ಒಂದೂವರೆ ಸಾವಿರ ಪೆಟ್ಟಿಗೆ, ಪೀಪಾಯಿಗಳ ಈ ಪ್ರಯಾಣದಲ್ಲಿ ಕಳೆದುಹೋದದ್ದು ಕೇವಲ 297 ನಾಣ್ಯಗಳು. ಚಿನ್ನ ಶತ್ರುವಿನ ಕೈಗೆ ಸಿಕ್ಕಲಿಲ್ಲ. ಲಂಡನ್ನಿನಿಂದ ಕೆಲಸ ಮಾಡಿದ ನಾರ್ವೆಯ ಸರ್ಕಾರದ ಅಧೀನದಲ್ಲಿಯೇ ಉಳಿಯಿತು.

ಭಾರತದ ಪ್ರಸಂಗ ನಡೆದದ್ದು ಯುದ್ಧವಿಲ್ಲದ ಕಾಲದಲ್ಲಿ. 1990ರ ಆಗಸ್ಟ್‌ನಲ್ಲಿ ಇರಾಕ್ ಕುವೈತನ್ನು ಆಕ್ರಮಿಸಿದಾಗ ಕಚ್ಚಾ ತೈಲದ ಬೆಲೆ ಏರಿತು. ಕೊಲ್ಲಿಯಲ್ಲಿ ದುಡಿಯುತ್ತಿದ್ದವರು ಕಳುಹಿಸುತ್ತಿದ್ದ ಹಣಕ್ಕೆ ಅಡ್ಡಿಯಾಯಿತು. ಅನಿವಾಸಿ ಭಾರತೀಯರು ತಮ್ಮ ಠೇವಣಿಗಳನ್ನು ಹಿಂದಕ್ಕೆ ಪಡೆಯತೊಡಗಿದರು. 1991ರ ಮಾರ್ಚ್ ಅಂತ್ಯಕ್ಕೆ ಒಟ್ಟು ಮೀಸಲು 5.8 ಶತಕೋಟಿ ಡಾಲರ್ ಎಂದು ಲೆಕ್ಕ ತೋರಿಸುತ್ತಿತ್ತು. ಒಂದು ಶತಕೋಟಿ ಎಂದರೆ ನೂರು ಕೋಟಿ. ಆದರೆ ಅದರಲ್ಲಿ ಚಿನ್ನದ ಮೌಲ್ಯವೇ 3.5 ಶತಕೋಟಿ. ಕೈಗೆ ಸಿಗುವ ವಿದೇಶಿ ಕರೆನ್ಸಿ 2.2 ಶತಕೋಟಿ ಮಾತ್ರ. ಕೆಲವೇ ತಿಂಗಳಲ್ಲಿ ಅದು ಒಂದು ಶತಕೋಟಿಯ ಆಸುಪಾಸಿಗೆ ಕುಸಿದು, ಎರಡು ಮೂರು ವಾರಗಳ ಆಮದಿಗಷ್ಟೇ ಸಾಲುವ ಸ್ಥಿತಿ ಬಂದಿತು.

1991ರ ಮೇ ತಿಂಗಳಲ್ಲಿ, ಚಂದ್ರಶೇಖರ್ ಪ್ರಧಾನಿಯಾಗಿದ್ದಾಗ, ಸರ್ಕಾರ ಕಳ್ಳಸಾಗಣೆದಾರರಿಂದ ವಶಪಡಿಸಿಕೊಂಡಿದ್ದ 20 ಟನ್ ಚಿನ್ನವನ್ನು ಸ್ಟೇಟ್ ಬ್ಯಾಂಕ್ ಮೂಲಕ ಸ್ವಿಟ್ಜರ್ಲೆಂಡಿನ ಬ್ಯಾಂಕೊಂದಕ್ಕೆ, ಮರಳಿ ಕೊಳ್ಳುವ ಹಕ್ಕು ಉಳಿಸಿಕೊಂಡು, ಮಾರಿತು. ಪಿ.ವಿ. ನರಸಿಂಹರಾವ್ ಸರ್ಕಾರ ಬಂದ ಮೇಲೆ ಜುಲೈನಲ್ಲಿ ರಿಸರ್ವ್ ಬ್ಯಾಂಕ್ ತನ್ನ ಉಗ್ರಾಣದಿಂದ 46.91 ಟನ್ ಚಿನ್ನವನ್ನು ವಿಮಾನದಲ್ಲಿ ನಾಲ್ಕು ಕಂತುಗಳಲ್ಲಿ ಲಂಡನ್ನಿಗೆ ಕಳುಹಿಸಿತು. ಬ್ಯಾಂಕ್ ಆಫ್ ಇಂಗ್ಲೆಂಡ್ ಮತ್ತು ಬ್ಯಾಂಕ್ ಆಫ್ ಜಪಾನ್‌ಗಳಲ್ಲಿ ಅದನ್ನು ಅಡವಿಟ್ಟು ಪಡೆದ ಹಣ 40.5 ಕೋಟಿ ಡಾಲರ್. ಅದೇ ತಿಂಗಳ ಮೊದಲ ವಾರದಲ್ಲಿ ರೂಪಾಯಿಯನ್ನು ಎರಡು ಹಂತಗಳಲ್ಲಿ ಅಪಮೌಲ್ಯಗೊಳಿಸಲಾಯಿತು. ಸಾಲ ಕೆಲವೇ ತಿಂಗಳಲ್ಲಿ ತೀರಿತು. ಚಿನ್ನ ಮಾತ್ರ ಲಂಡನ್ನಿನಲ್ಲಿಯೇ ಉಳಿಯಿತು.

ಕಷ್ಟ ಬಂದಾಗ ಮನೆಯ ಒಡವೆಯನ್ನು ಸಹಕಾರ ಸಂಘದಲ್ಲಿಯೋ ಗಿರವಿ ಅಂಗಡಿಯಲ್ಲಿಯೋ ಅಡವಿಡುವುದು ನಮ್ಮ ಹಳ್ಳಿ ಪಟ್ಟಣಗಳಿಗೆ ಹೊಸತಲ್ಲ. ಒಡವೆ ಮಾರಿದರೆ ಮನೆತನದ ಮರ್ಯಾದೆ ಹೋಯಿತೆಂಬ ಭಾವನೆ, ಅಡವಿಟ್ಟರೆ ಬಿಡಿಸಿಕೊಳ್ಳಬಹುದೆಂಬ ನಂಬಿಕೆ. 1991ರಲ್ಲಿ ಇಡೀ ದೇಶ ಅದನ್ನೇ ಅನುಭವಿಸಿತು. ನಂತರದ ಮೂರು ದಶಕಗಳ ಭಾರತದ ಮೀಸಲು ನೀತಿಯನ್ನು ಅರ್ಥ ಮಾಡಿಕೊಳ್ಳಲು ಈ ಒಂದು ಪ್ರಸಂಗವೇ ಕೀಲಿಕೈ.

ಚಿನ್ನದ ಹಗ್ಗ ಕಡಿದದ್ದು

ಚಿನ್ನಕ್ಕೆ ಇಷ್ಟು ಪ್ರಾಮುಖ್ಯ ಏಕೆ ಬಂದಿತೆಂಬುದಕ್ಕೆ ಸ್ವಲ್ಪ ಹಿಂದಕ್ಕೆ ಹೋಗಬೇಕು. 1935ರ ಏಪ್ರಿಲ್ 1ರಂದು ರಿಸರ್ವ್ ಬ್ಯಾಂಕ್ ಆರಂಭವಾದಾಗ ಅದು ಹೊರಡಿಸುವ ನೋಟುಗಳ ಮೌಲ್ಯದಲ್ಲಿ ಶೇಕಡಾ 40ರಷ್ಟು ಚಿನ್ನ ಮತ್ತು ಪೌಂಡ್ ಸಾಲಪತ್ರಗಳ ಬೆಂಬಲವಿರಬೇಕೆಂದು ಕಾನೂನು ಹೇಳುತ್ತಿತ್ತು. ಎರಡನೆಯ ಮಹಾಯುದ್ಧದ ಅಂತ್ಯಕ್ಕೆ ಬ್ರಿಟನ್ ಭಾರತಕ್ಕೆ ಕೊಡಬೇಕಾಗಿದ್ದ ಪೌಂಡ್ ಬಾಕಿ ಸುಮಾರು 130 ಕೋಟಿ. ಸ್ವಾತಂತ್ರ್ಯದ ಹೊತ್ತಿಗೆ ಭಾರತ ಈ ಲೆಕ್ಕದಲ್ಲಿ ಸಾಲ ಕೊಟ್ಟ ದೇಶ. ಎರಡನೆಯ ಪಂಚವಾರ್ಷಿಕ ಯೋಜನೆಯ ಯಂತ್ರೋಪಕರಣಗಳ ಆಮದಿಗೆ ಆ ಬಾಕಿ ಬೇಗನೆ ಕರಗಿತು. 1957ರಲ್ಲಿ ಕಾನೂನನ್ನು ಸಡಿಲಿಸಿ ಕನಿಷ್ಠ 200 ಕೋಟಿ ರೂಪಾಯಿ ಮೀಸಲು, ಅದರಲ್ಲಿ 115 ಕೋಟಿ ರೂಪಾಯಿಯ ಚಿನ್ನ ಇದ್ದರೆ ಸಾಕೆಂದು ಮಾಡಲಾಯಿತು.

ಮೀಸಲು ಬರಿದಾದಾಗ ಅದರ ಬಿಸಿ ಸಾಮಾನ್ಯರಿಗೆ ತಟ್ಟುವುದು ಹೇಗೆಂಬುದಕ್ಕೆ 1963ರ ಜನವರಿಯ ಚಿನ್ನ ನಿಯಂತ್ರಣ ಆದೇಶವೇ ಸಾಕ್ಷಿ. ಹಣಕಾಸು ಸಚಿವ ಮೊರಾರ್ಜಿ ದೇಸಾಯಿ ಅವರು ಹೊಸ ಒಡವೆಗಳು 14 ಕ್ಯಾರಟ್ ಮೀರಬಾರದೆಂಬ ನಿರ್ಬಂಧ ತಂದರು. ಕಳ್ಳಸಾಗಣೆಯಲ್ಲಿ ಬರುವ ಚಿನ್ನಕ್ಕಾಗಿ ವಿದೇಶಿ ವಿನಿಮಯ ಸೋರಿಹೋಗುವುದನ್ನು ತಡೆಯುವುದು ಉದ್ದೇಶ. ಕೆಲಸ ಕಳೆದುಕೊಂಡವರು ಮಾತ್ರ ಊರೂರಿನ ಅಕ್ಕಸಾಲಿಗರು. 1968ರಲ್ಲಿ ಕಾಯಿದೆಯ ರೂಪ ಪಡೆದ ಈ ನಿಯಂತ್ರಣ ರದ್ದಾದದ್ದು 1990ರಲ್ಲಿ.

1971ರ ಆಗಸ್ಟ್ 15ರಂದು ಅಮೆರಿಕದ ಅಧ್ಯಕ್ಷ ರಿಚರ್ಡ್ ನಿಕ್ಸನ್ ಡಾಲರಿಗೆ ಬದಲಾಗಿ ಚಿನ್ನ ಕೊಡುವ ವ್ಯವಸ್ಥೆಯನ್ನು ನಿಲ್ಲಿಸಿದರು. ಔನ್ಸ್‌ಗೆ 35 ಡಾಲರ್ ಎಂಬ ನಿಗದಿ ಬೆಲೆ ಇತಿಹಾಸ ಸೇರಿತು. ಅಲ್ಲಿಂದ ಮುಂದೆ ನೋಟಿಗೂ ಚಿನ್ನಕ್ಕೂ ಇದ್ದ ಕಟ್ಟು ಬಹುಮಟ್ಟಿಗೆ ಕಳಚಿತು. ಹಾಗಿದ್ದರೂ ಕೇಂದ್ರ ಬ್ಯಾಂಕುಗಳು ಚಿನ್ನವನ್ನು ಬಿಟ್ಟುಕೊಡಬೇಕೇ, ಇಟ್ಟುಕೊಳ್ಳಬೇಕೇ ಎಂಬ ಪ್ರಶ್ನೆ ಉಳಿಯಿತು. ಇದಕ್ಕೆ ನಾರ್ವೆ ಕೊಟ್ಟ ಉತ್ತರ ಒಂದು, ಭಾರತ ಕೊಟ್ಟ ಉತ್ತರ ಮತ್ತೊಂದು.

ಕಡಲ ತಳದ ಹೆಮ್ಮರ

1969ರ ಕೊನೆಯಲ್ಲಿ ಉತ್ತರ ಸಮುದ್ರದ ಎಕೊಫಿಸ್ಕ್ ಎಂಬಲ್ಲಿ ನಾರ್ವೆಗೆ ಎಣ್ಣೆ ಸಿಕ್ಕಿತು. ಮೀನು, ಮರ, ಹಡಗು, ಜಲವಿದ್ಯುತ್ತನ್ನು ನೆಚ್ಚಿದ್ದ ಸಣ್ಣ ದೇಶಕ್ಕೆ ಇದು ಭಾರಿ ತಿರುವು. ಆದರೂ ಸಂಕಟ ತಪ್ಪಲಿಲ್ಲ. 1986ರಲ್ಲಿ ಎಣ್ಣೆ ಬೆಲೆ ಕುಸಿದಾಗ ಕ್ರೋನ್ ಎಂಬ ತನ್ನ ನಾಣ್ಯವನ್ನು ನಾರ್ವೆ ಅಪಮೌಲ್ಯಗೊಳಿಸಿತು. ಭಾರತ ಚಿನ್ನ ಅಡವಿಟ್ಟ 1991ರಲ್ಲಿಯೇ ನಾರ್ವೆಯ ದೊಡ್ಡ ಬ್ಯಾಂಕುಗಳು ಮುಳುಗುವ ಸ್ಥಿತಿಗೆ ಬಂದು ಸರ್ಕಾರದ ಕೈಸೇರಿದವು. 1992ರ ಡಿಸೆಂಬರ್‌ನಲ್ಲಿ ಕ್ರೋನ್‌ನ ನಿಗದಿತ ವಿನಿಮಯ ದರವನ್ನೂ ಕೈಬಿಡಬೇಕಾಯಿತು.

ಎಣ್ಣೆಯ ಹಣ ಎರಡು ಅಲುಗಿನ ಕತ್ತಿ. ಮಲೆನಾಡಿನವರಿಗೆ ಇದನ್ನು ವಿವರಿಸುವುದು ಸುಲಭ. ಅಡಿಕೆಗೆ ಬೆಲೆ ಬಂದಾಗ ಗದ್ದೆಗಳು ತೋಟಗಳಾಗುತ್ತವೆ, ಕೂಲಿ ಏರುತ್ತದೆ, ಭತ್ತ ಬೆಳೆಯುವುದು ನಷ್ಟದ ಬಾಬತ್ತಾಗುತ್ತದೆ. ಒಂದು ಬೆಳೆಯ ಸಿರಿ ಉಳಿದ ಬೆಳೆಗಳನ್ನು ನುಂಗುತ್ತದೆ. ಬೆಲೆ ಕುಸಿದ ದಿನ ಮರಳಲು ಗದ್ದೆಯೇ ಇರುವುದಿಲ್ಲ. ಎಣ್ಣೆಯ ಡಾಲರ್ ದೇಶದೊಳಕ್ಕೆ ನುಗ್ಗಿದಾಗಲೂ ಹೀಗೆಯೇ ಆಗುತ್ತದೆ: ನಾಣ್ಯದ ಬೆಲೆ ಏರುತ್ತದೆ, ಉಳಿದ ಕೈಗಾರಿಕೆಗಳ ರಫ್ತು ಸೊರಗುತ್ತದೆ.

ಜೊತೆಗೆ, ಎಣ್ಣೆ ಅಡಿಕೆಯಂತೆ ವರ್ಷವರ್ಷವೂ ಬರುವ ಫಸಲಲ್ಲ. ಅದು ಹಿತ್ತಲಿನ ಹಳೆಯ ಹಲಸಿನ ಮರವನ್ನು ಕಡಿದು ಮಾರಿದಂತೆ. ಒಮ್ಮೆ ಕಡಿದರೆ ಮುಗಿಯಿತು. ವಿವೇಕಿಯಾದ ಗೃಹಸ್ಥ ಆ ಹಣವನ್ನು ಆದಾಯವೆಂದು ಎಣಿಸದೆ ಬೇರೊಂದು ಆಸ್ತಿ ಮಾಡುತ್ತಾನೆ. ನಾರ್ವೆ 1990ರಲ್ಲಿ ಪೆಟ್ರೋಲಿಯಂ ನಿಧಿಯ ಕಾನೂನು ಮಾಡಿ, 1996ರಲ್ಲಿ ಮೊದಲ ಕಂತನ್ನು ಅದರಲ್ಲಿ ತೊಡಗಿಸಿತು. 2006ರಲ್ಲಿ ಅದಕ್ಕೆ ಸರ್ಕಾರಿ ಪಿಂಚಣಿ ನಿಧಿ ಎಂಬ ಹೆಸರು ಬಂದಿತು. ಇದರ ಹಣವನ್ನು ನಾರ್ವೆಯೊಳಗೆ ಹೂಡುವಂತಿಲ್ಲ. ಎಲ್ಲವೂ ಹೊರದೇಶಗಳ ಷೇರು, ಸಾಲಪತ್ರ, ಕಟ್ಟಡಗಳಲ್ಲಿ. ಭಾರತದ ಕಂಪನಿಗಳ ಷೇರುಗಳೂ ಅದರಲ್ಲಿವೆ. ವರ್ಷವೊಂದಕ್ಕೆ ನಿಧಿಯ ಶೇಕಡಾ 4ರಷ್ಟನ್ನು ಮಾತ್ರ ಬಜೆಟ್ಟಿಗೆ ಬಳಸಬೇಕೆಂದು 2001ರಲ್ಲಿ ನಿಯಮ ಮಾಡಲಾಯಿತು. 2017ರಲ್ಲಿ ಅದನ್ನು ಶೇಕಡಾ 3ಕ್ಕೆ ಇಳಿಸಲಾಯಿತು.

2024ರ ಅಂತ್ಯಕ್ಕೆ ಈ ನಿಧಿಯ ಮೌಲ್ಯ 19,742 ಶತಕೋಟಿ ಕ್ರೋನ್, ಅಂದರೆ ಸುಮಾರು 1.7 ಲಕ್ಷ ಕೋಟಿ ಡಾಲರ್. ನಾರ್ವೆಯ ಜನಸಂಖ್ಯೆ ಸುಮಾರು 56 ಲಕ್ಷ. ತಲೆಗೆ ಮೂರು ಲಕ್ಷ ಡಾಲರ್ ಆಯಿತು.

ಆದರೆ ಜಗತ್ತಿನ ಮೀಸಲುಗಳ ಪಟ್ಟಿಯಲ್ಲಿ ಈ ನಿಧಿ ಕಾಣಿಸುವುದಿಲ್ಲ. ನಾರ್ಗೆಸ್ ಬ್ಯಾಂಕ್ ತನ್ನ ಅಧಿಕೃತ ವಿದೇಶಿ ವಿನಿಮಯ ಮೀಸಲನ್ನು ಪ್ರತ್ಯೇಕವಾಗಿ ಇಟ್ಟಿದೆ. ಕಳೆದ ಒಂದೂವರೆ ದಶಕದಲ್ಲಿ ಅದು ಸರಿಸುಮಾರು 50ರಿಂದ 85 ಶತಕೋಟಿ ಡಾಲರ್‌ಗಳ ನಡುವೆ ಓಲಾಡಿದೆ. 1990ರ ದಶಕದ ಆರಂಭದಲ್ಲಿ ಭಾರತದ ಮೀಸಲಿಗಿಂತ ನಾರ್ವೆಯದು ದೊಡ್ಡದಾಗಿತ್ತು. ಈಗ ಭಾರತದ್ದು ಅದರ ಹಲವು ಪಟ್ಟು. ಪಟ್ಟಿಯನ್ನಷ್ಟೇ ನೋಡುವವರಿಗೆ ಭಾರತ ಶ್ರೀಮಂತ, ನಾರ್ವೆ ಬಡವ!

ಮಾರಿದವರ ನ್ಯಾಯ, ಕೊಂಡವರ ನ್ಯಾಯ

2004ರ ಆರಂಭದಲ್ಲಿ ನಾರ್ಗೆಸ್ ಬ್ಯಾಂಕ್ ತನ್ನಲ್ಲಿ ಉಳಿದಿದ್ದ ಚಿನ್ನದ ಗಟ್ಟಿಗಳಲ್ಲಿ ಸುಮಾರು 33 ಟನ್‌ಗಳನ್ನು ಮಾರಿತು. ಪ್ರದರ್ಶನಕ್ಕೆಂದು ಏಳು ಗಟ್ಟಿಗಳನ್ನೂ, 1940ರ ಆ ಪ್ರಯಾಣದಲ್ಲಿ ಉಳಿದುಬಂದ ಒಂದಷ್ಟು ನಾಣ್ಯಗಳನ್ನೂ ಇರಿಸಿಕೊಂಡಿತು. ಚಿನ್ನ ಬಡ್ಡಿ ತರುವುದಿಲ್ಲ, ಅದರ ಬೆಲೆ ಹೊಯ್ದಾಡುತ್ತದೆ, ಸಂಕಟಕಾಲಕ್ಕೆ ಬೇರೆ ಆಸರೆಗಳಿವೆ ಎಂಬುದು ಮಾರಾಟದ ಹಿಂದಿನ ತರ್ಕ. ಆಗ ಚಿನ್ನದ ಬೆಲೆ ಔನ್ಸ್‌ಗೆ 400 ಡಾಲರ್‌ನ ಆಸುಪಾಸಿನಲ್ಲಿತ್ತು.

ಐದು ವರ್ಷಗಳ ನಂತರ, 2009ರ ನವೆಂಬರ್‌ನಲ್ಲಿ, ಅಂತರರಾಷ್ಟ್ರೀಯ ಹಣಕಾಸು ನಿಧಿ ಮಾರಾಟಕ್ಕಿಟ್ಟಿದ್ದ ಚಿನ್ನದಲ್ಲಿ 200 ಟನ್ನನ್ನು ಭಾರತ 6.7 ಶತಕೋಟಿ ಡಾಲರ್ ಕೊಟ್ಟು ಕೊಂಡಿತು. ಸಾಲಕ್ಕಾಗಿ ಯಾವ ನಿಧಿಯ ಬಾಗಿಲನ್ನು 1991ರಲ್ಲಿ ತಟ್ಟಲಾಗಿತ್ತೋ ಅದೇ ನಿಧಿಯಿಂದ ಚಿನ್ನ ಖರೀದಿ! ಭಾರತದ ದಾಸ್ತಾನು 357.7 ಟನ್‌ನಿಂದ 557.7 ಟನ್‌ಗೆ ಏರಿತು.

2025ರ ಅಕ್ಟೋಬರ್‌ನಲ್ಲಿ ಚಿನ್ನ ಔನ್ಸ್‌ಗೆ 4,000 ಡಾಲರ್ ದಾಟಿತು. ಹಾಗಿದ್ದರೆ ನಾರ್ವೆ ಮೋಸ ಹೋಯಿತೇ? ಸುಮಾರು 42 ಕೋಟಿ ಡಾಲರ್‌ಗೆ ಮಾರಿದ ಸರಕಿನ ಬೆಲೆ 2025ರಲ್ಲಿ 420 ಕೋಟಿ ಡಾಲರ್ ಆಯಿತೆಂದು ಲೆಕ್ಕ ಹಾಕಬಹುದು. ಆದರೆ ಪಿಂಚಣಿ ನಿಧಿ 2024ರ ಒಂದೇ ವರ್ಷದಲ್ಲಿ ಗಳಿಸಿದ್ದು 2,511 ಶತಕೋಟಿ ಕ್ರೋನ್, ಅಂದರೆ ಇಪ್ಪತ್ತು ಸಾವಿರ ಕೋಟಿ ಡಾಲರ್‌ಗೂ ಹೆಚ್ಚು. ಅದೇ ನಿಧಿ 2008ರಲ್ಲಿ ತನ್ನ ಮೌಲ್ಯದ ಶೇಕಡಾ 23ರಷ್ಟನ್ನೂ 2022ರಲ್ಲಿ ಶೇಕಡಾ 14ರಷ್ಟನ್ನೂ ಕಳೆದುಕೊಂಡಿತ್ತು ಎಂಬುದೂ ನಿಜ. ನಷ್ಟವನ್ನು ತಾಳಿಕೊಂಡು ಕಾಯುವ ಶಕ್ತಿ ನಾರ್ವೆಗಿದೆ. ಹೊರದೇಶಗಳಿಗೆ ಕೊಡಬೇಕಾದುದಕ್ಕಿಂತ ಹೊರದೇಶಗಳಿಂದ ಬರಬೇಕಾದುದು ಅದಕ್ಕೆ ಎಷ್ಟೋ ಹೆಚ್ಚು. ಅಂಥವರಿಗೆ ಚಿನ್ನ ಒಂದು ನೆನಪಿನ ವಸ್ತು.

ಭಾರತದ ಸ್ಥಿತಿ ಹಾಗಿಲ್ಲ. 2003ರ ಡಿಸೆಂಬರ್‌ನಲ್ಲಿ 100 ಶತಕೋಟಿ ಡಾಲರ್ ದಾಟಿದ ನಮ್ಮ ಮೀಸಲು, 2008ರ ಮಾರ್ಚ್‌ನಲ್ಲಿ 309 ಶತಕೋಟಿಗೆ ಏರಿ, ಜಾಗತಿಕ ಹಣಕಾಸು ಬಿಕ್ಕಟ್ಟಿನ ವರ್ಷದಲ್ಲಿ 252 ಶತಕೋಟಿಗೆ ಇಳಿಯಿತು. 2020ರಲ್ಲಿ 500 ಶತಕೋಟಿ ಮುಟ್ಟಿತು. 2022ರ ಅಕ್ಟೋಬರ್‌ನಲ್ಲಿ 525 ಶತಕೋಟಿಯ ಬಳಿಗೆ ಕುಸಿದಿದ್ದ ಮೀಸಲು 2024ರ ಸೆಪ್ಟೆಂಬರ್ ಕೊನೆಯ ವಾರದಲ್ಲಿ 704 ಶತಕೋಟಿ ಮೀರಿ ಅಲ್ಲಿಯವರೆಗಿನ ದಾಖಲೆ ಬರೆಯಿತು. 2025ರ ಮಾರ್ಚ್ ಅಂತ್ಯಕ್ಕೆ ಅದು 668 ಶತಕೋಟಿ. ಅದೇ ದಿನಕ್ಕೆ ದೇಶದ ಒಟ್ಟು ವಿದೇಶಿ ಸಾಲ 736 ಶತಕೋಟಿ ಡಾಲರ್!

ಈ ಎರಡು ಅಂಕಿಗಳನ್ನು ಒಟ್ಟಿಗೆ ಓದಬೇಕು. ಭಾರತ ಮಾರುವುದಕ್ಕಿಂತ ಹೆಚ್ಚು ಕೊಳ್ಳುವ ದೇಶ. ಬಳಸುವ ಕಚ್ಚಾ ತೈಲದಲ್ಲಿ ಐದರಲ್ಲಿ ನಾಲ್ಕು ಪಾಲಿಗಿಂತ ಹೆಚ್ಚು ಹೊರಗಿನದು. ಈ ಕೊರತೆಯನ್ನು ಬೆಂಗಳೂರಿನ ಸಾಫ್ಟ್‌ವೇರ್ ರಫ್ತು, ಕೊಲ್ಲಿಯಲ್ಲಿ ದುಡಿಯುವ ಕರಾವಳಿಯವರೂ ಸೇರಿದಂತೆ ಹೊರನಾಡ ಭಾರತೀಯರು ಮನೆಗೆ ಕಳುಹಿಸುವ ಹಣ ಬಹುಮಟ್ಟಿಗೆ ತುಂಬುತ್ತವೆ. ಅದರ ಮೇಲೂ ಉಳಿಯುವ ಅಂತರವನ್ನು ವಿದೇಶಿ ಹೂಡಿಕೆ, ಠೇವಣಿ, ಸಾಲಗಳು ಮುಚ್ಚುತ್ತವೆ. ಷೇರುಪೇಟೆಗೆ ಬಂದ ಹಣ ಹೇಳದೆಯೇ ಹೊರಡಬಹುದು. ಮೀಸಲಿನ ದೊಡ್ಡ ಪಾಲು ಇಂಥ ಅತಿಥಿಗಳ ಹಣದಿಂದ ಕಟ್ಟಿದ್ದು.

ಎರಡು ಮನೆಗಳನ್ನು ಕಲ್ಪಿಸಿಕೊಳ್ಳಿ. ಒಂದು ಮನೆಯವರು ಮರ ಮಾರಿದ ಹಣದಲ್ಲಿ ಪೇಟೆಯಲ್ಲಿ ಅಂಗಡಿ ಮಳಿಗೆಗಳನ್ನು ಕೊಂಡು ಬಾಡಿಗೆ ಪಡೆಯುತ್ತಿದ್ದಾರೆ. ಕೈಯಲ್ಲಿ ನಗದು ಸ್ವಲ್ಪವೇ. ಇನ್ನೊಂದು ಮನೆಯವರು ಅಡಿಕೆ ಮಂಡಿಯಲ್ಲಿ ಮುಂಗಡ ಪಡೆದಿದ್ದಾರೆ, ಸಂಘದಲ್ಲಿ ಸಾಲವಿದೆ. ಆದರೂ ಕಷ್ಟಕಾಲಕ್ಕೆಂದು ಪೆಟ್ಟಿಗೆಯಲ್ಲಿ ಸಾಕಷ್ಟು ನಗದು, ಒಂದಿಷ್ಟು ಒಡವೆ ಇಟ್ಟಿದ್ದಾರೆ. ಎರಡನೆಯವರ ಪೆಟ್ಟಿಗೆ ದೊಡ್ಡದೆಂದು ಅವರೇ ಶ್ರೀಮಂತರೆನ್ನಲಾಗದು. ಒಡವೆ ಮಾರಿ ಎಂದು ಅವರಿಗೆ ಸಲಹೆ ಕೊಡುವುದೂ ಸಲ್ಲದು. ಅವರಿಗೆ ಅದರ ಅಗತ್ಯ ಹೆಚ್ಚು.

ಲಂಡನ್ನಿನಿಂದ ಮರಳಿದ ಚಿನ್ನ

2022ರಲ್ಲಿ ಉಕ್ರೇನ್ ಯುದ್ಧ ಆರಂಭವಾದಾಗ ಅಮೆರಿಕ ಮತ್ತು ಯೂರೋಪಿನ ದೇಶಗಳು ರಷ್ಯಾದ ಸುಮಾರು 300 ಶತಕೋಟಿ ಡಾಲರ್ ಮೀಸಲನ್ನು ತಡೆಹಿಡಿದವು. ಬೇರೆಯವರ ಸಾಲಪತ್ರದಲ್ಲಿರುವ ಹಣ ಒಂದು ರುಜುವಿನಿಂದ ಕೈತಪ್ಪಬಹುದೆಂಬುದು ಎಲ್ಲರಿಗೂ ಕಂಡಿತು. 2022, 2023, 2024 ಈ ಮೂರು ವರ್ಷಗಳಲ್ಲಿಯೂ ಜಗತ್ತಿನ ಕೇಂದ್ರ ಬ್ಯಾಂಕುಗಳು ವರ್ಷಕ್ಕೆ ಸಾವಿರ ಟನ್‌ಗಿಂತ ಹೆಚ್ಚು ಚಿನ್ನ ಕೊಂಡವು. ಭಾರತವೂ ಕೊಂಡಿತು. ಅಷ್ಟೇ ಅಲ್ಲದೆ, 2023-24ರ ಸಾಲಿನಲ್ಲಿ ಬ್ರಿಟನ್ನಿನಲ್ಲಿದ್ದ 100 ಟನ್ ಚಿನ್ನವನ್ನು ರಿಸರ್ವ್ ಬ್ಯಾಂಕ್ ದೇಶಕ್ಕೆ ತರಿಸಿಕೊಂಡಿತು. 2025ರ ಮಾರ್ಚ್ ಅಂತ್ಯಕ್ಕೆ ಒಟ್ಟು ದಾಸ್ತಾನು 879 ಟನ್ ಮೀರಿತ್ತು; ಅದರಲ್ಲಿ ಸುಮಾರು 512 ಟನ್ ದೇಶದೊಳಗಿನ ಉಗ್ರಾಣಗಳಲ್ಲಿತ್ತು.

ಕನ್ನಡ ನಾಡಿನ ಅಳತೆಗೋಲಿನಿಂದ ಈ ತೂಕವನ್ನು ನೋಡೋಣ. ಬ್ರಿಟಿಷ್ ಕಂಪನಿ ಜಾನ್ ಟೇಲರ್ 1880ರಲ್ಲಿ ಕೆಲಸ ಆರಂಭಿಸಿದಂದಿನಿಂದ 2001ರ ಫೆಬ್ರವರಿ 28ರಂದು ಮುಚ್ಚುವವರೆಗೆ ಕೋಲಾರದ ಚಿನ್ನದ ಗಣಿಗಳು 120 ವರ್ಷಗಳಲ್ಲಿ ಕೊಟ್ಟದ್ದು ಸುಮಾರು 800 ಟನ್. 2024ರಲ್ಲಿ ಭಾರತದ ಜನ ಕೊಂಡ ಚಿನ್ನವೂ ಹೆಚ್ಚುಕಡಿಮೆ ಅಷ್ಟೇ. ಒಂದು ಶತಮಾನಕ್ಕೂ ಹೆಚ್ಚು ಕಾಲ ಸಾವಿರಾರು ಕಾರ್ಮಿಕರು ಪಾತಾಳಕ್ಕಿಳಿದು ಅಗೆದದ್ದು ನಮ್ಮ ಒಂದು ವರ್ಷದ ಮದುವೆ, ಹಬ್ಬಗಳಿಗೆ ಸರಿಹೋಗುತ್ತದೆ! ಆ ಚಿನ್ನ ಬಹುಪಾಲು ಆಮದಿನದು. ಒಡವೆ ಅಂಗಡಿಯಲ್ಲಿ ಕೊಂಡ ಪ್ರತಿ ಗ್ರಾಂ ಚಿನ್ನಕ್ಕೂ ಮೀಸಲಿಗೆ ಸೇರಬಹುದಾಗಿದ್ದ ಡಾಲರ್ ಹೊರಹೋಗಿರುತ್ತದೆ. 2013ರಲ್ಲಿ ರೂಪಾಯಿ ಕುಸಿದಾಗ ಸರ್ಕಾರ ಚಿನ್ನದ ಆಮದು ಸುಂಕವನ್ನು ಶೇಕಡಾ 10ಕ್ಕೆ ಏರಿಸಿದ್ದು ಇದೇ ಕಾರಣಕ್ಕೆ. ಮೀಸಲಿಗೆ ಒಳ್ಳೆಯದಾದ ಚಿನ್ನ, ಮನೆಮನೆಯ ಪೆಟ್ಟಿಗೆ ಸೇರುವಾಗ ಮೀಸಲಿನ ಶತ್ರುವಾಗುವುದು ಇಲ್ಲಿನ ವಿಪರ್ಯಾಸ.

ಖರ್ಚು ಮಾಡಬಾರದೇಕೆ?

ಇಷ್ಟೊಂದು ಹಣ ಸುಮ್ಮನೆ ಬಿದ್ದಿರುವಾಗ ರಸ್ತೆ, ಆಸ್ಪತ್ರೆ, ಶಾಲೆಗಳಿಗೆ ಏಕೆ ಬಳಸಬಾರದೆಂಬ ಪ್ರಶ್ನೆ ಆಗಾಗ ಏಳುತ್ತದೆ. 2004ರಲ್ಲಿ ಯೋಜನಾ ಆಯೋಗದ ಉಪಾಧ್ಯಕ್ಷರಾಗಿದ್ದ ಮಾಂಟೆಕ್ ಸಿಂಗ್ ಅಹ್ಲುವಾಲಿಯಾ ಅವರು ಮೀಸಲಿನ ಒಂದು ಭಾಗವನ್ನು ಮೂಲಸೌಕರ್ಯಕ್ಕೆ ಬಳಸುವ ಪ್ರಸ್ತಾವ ಮುಂದಿಟ್ಟಾಗ ದೇಶದಾದ್ಯಂತ ಚರ್ಚೆ ನಡೆದಿತ್ತು. ರಸ್ತೆಗೆ ಬೇಕಾದ ಜಲ್ಲಿ, ಕೂಲಿ, ಸಿಮೆಂಟುಗಳಿಗೆ ಕೊಡಬೇಕಾದದ್ದು ರೂಪಾಯಿ. ಡಾಲರನ್ನು ರೂಪಾಯಿಗೆ ಬದಲಾಯಿಸಲು ಮತ್ತೆ ರಿಸರ್ವ್ ಬ್ಯಾಂಕಿಗೇ ಹೋಗಬೇಕು. ಅದು ಮತ್ತೊಮ್ಮೆ ಹೊಸ ರೂಪಾಯಿ ಹೊರಡಿಸಬೇಕು. ಒಂದೇ ಡಾಲರ್ ಮೇಲೆ ಎರಡು ಬಾರಿ ನೋಟು ಅಚ್ಚಾದಂತಾಗುತ್ತದೆ; ಬೆಲೆ ಏರಿಕೆ ಅದರ ಫಲ. ಹೊರದೇಶದ ಯಂತ್ರೋಪಕರಣ ಕೊಳ್ಳಲು ಡಾಲರ್ ಬಳಸಿದರೆ ಈ ತೊಡಕಿಲ್ಲ, ನಿಜ. ಆದರೆ ಸಾಲಗಾರರು ಒಟ್ಟಿಗೆ ಬಾಗಿಲಿಗೆ ಬಂದ ದಿನ ಕೈಯಲ್ಲಿ ಯಂತ್ರವಿರುತ್ತದೆ, ಡಾಲರ್ ಇರುವುದಿಲ್ಲ.

ನಾರ್ವೆಯಂಥ ನಿಧಿಯನ್ನು ಕಟ್ಟಬೇಕೆಂದರೆ ಮೊದಲು ನಮ್ಮದೇ ಆದ, ಸಾಲದ ಹಂಗಿಲ್ಲದ ಮಿಗತೆ ಬೇಕು. ದೇಶಕ್ಕೆ ಅದಿಲ್ಲ. ಆದರೆ ಕಡಿದು ಮಾರುವ ಹೆಮ್ಮರಗಳು ಕರ್ನಾಟಕದಲ್ಲಿಯೂ ಇದ್ದವು. ಕೋಲಾರದ ಚಿನ್ನ ಮುಗಿಯಿತು. ಉಳಿದದ್ದು ಸೈನೈಡ್ ಮಣ್ಣಿನ ದಿಬ್ಬಗಳು. 2000ದ ದಶಕದಲ್ಲಿ ಬಳ್ಳಾರಿಯ ಕಬ್ಬಿಣದ ಅದಿರು ಚೀನಾಕ್ಕೆ ಹಡಗು ಹಡಗಾಗಿ ಹೋಯಿತು. ಅದರ ಡಾಲರ್‌ಗಳು ಮೀಸಲಿನ ಅಂಕಿಯನ್ನು ಏರಿಸಿದವು. 2010ರಲ್ಲಿ ರಾಜ್ಯ ಸರ್ಕಾರ ಅದಿರು ರಫ್ತನ್ನು ನಿಷೇಧಿಸಿತು. 2011ರ ಜುಲೈನಲ್ಲಿ ಲೋಕಾಯುಕ್ತ ನ್ಯಾಯಮೂರ್ತಿ ಸಂತೋಷ್ ಹೆಗ್ಡೆ ಅವರ ವರದಿ ಹೊರಬಂದಿತು, ಅದೇ ತಿಂಗಳು ಸುಪ್ರೀಂ ಕೋರ್ಟ್ ಬಳ್ಳಾರಿಯ ಗಣಿಗಾರಿಕೆಯನ್ನು ತಡೆಯಿತು. ಅಷ್ಟರಲ್ಲಿ ಬೆಟ್ಟಗಳು ಕರಗಿದ್ದವು. ಗಣಿ ಬಾಧಿತ ಪ್ರದೇಶಗಳಿಗೆ ಒಂದು ಪಾಲು ಮೀಸಲಿಡುವ ಜಿಲ್ಲಾ ಖನಿಜ ಪ್ರತಿಷ್ಠಾನಗಳು ಕಾನೂನಿನಲ್ಲಿ ಬಂದದ್ದು 2015ರಲ್ಲಿ. ಮುಂದಿನ ತಲೆಮಾರಿಗೆಂದು ಅದಿರಿನ ಹಣವನ್ನು ಎತ್ತಿಡುವ ನಿಧಿಯೊಂದು ಇರಲಿಲ್ಲ.

ಅಂಕಿಯನ್ನು ಓದುವ ಬಗೆ

ಕಾಲದಿಂದ ಕಾಲಕ್ಕೆ ಮೀಸಲನ್ನು ಹೋಲಿಸುವಾಗ ಕೆಲವು ಎಚ್ಚರಿಕೆಗಳು ಅಗತ್ಯ. ಮೊದಲನೆಯದು, ಏರಿಕೆ ಖರೀದಿಯಿಂದ ಬಂದದ್ದೋ ಬೆಲೆಯಿಂದ ಬಂದದ್ದೋ ಎಂಬುದು. 1990ರ ಅಕ್ಟೋಬರ್ ಮಧ್ಯದವರೆಗೂ ರಿಸರ್ವ್ ಬ್ಯಾಂಕ್ ತನ್ನ ಚಿನ್ನವನ್ನು 10 ಗ್ರಾಂಗೆ 84.39 ರೂಪಾಯಿಯ ಹಳೆಯ ದರದಲ್ಲಿ ಲೆಕ್ಕ ಹಿಡಿಯುತ್ತಿತ್ತು. ಬಳಿಕ ಮಾರುಕಟ್ಟೆ ದರಕ್ಕೆ ಬದಲಾಯಿಸಿತು. ಒಂದು ಗುಂಜಿ ಚಿನ್ನ ಸೇರದೆಯೂ ಮೀಸಲಿನ ಅಂಕಿ ಹಿಗ್ಗಿತು. ಹಾಗೆಯೇ 2024ರ ಮಾರ್ಚ್‌ನಿಂದ 2025ರ ಮಾರ್ಚ್‌ವರೆಗೆ ಚಿನ್ನದ ತೂಕ ಏರಿದ್ದು ಶೇಕಡಾ 7ರಷ್ಟು. ಮೀಸಲಿನಲ್ಲಿ ಅದರ ಪಾಲು ಮಾತ್ರ ಶೇಕಡಾ 8ರಿಂದ 11ರ ಮೇಲಕ್ಕೆ ಹೋಯಿತು. ಬೆಲೆ ಇಳಿದರೆ ಈ ಹಿಗ್ಗು ಕುಗ್ಗುತ್ತದೆ.

ಎರಡನೆಯದು, ಮೀಸಲು ಎಷ್ಟು ತಿಂಗಳ ಆಮದಿಗೆ ಸಾಲುತ್ತದೆ ಎಂಬುದು. 1991ರಲ್ಲಿ ಅದು ವಾರಗಳ ಲೆಕ್ಕ. 2025ರ ಮಾರ್ಚ್‌ನಲ್ಲಿ ಸುಮಾರು ಹನ್ನೊಂದು ತಿಂಗಳು. ಮೂರನೆಯದು, ಸಾಲದ ಎದುರು ಅದರ ಪ್ರಮಾಣ. ಕೊನೆಯದು, ಎಲ್ಲಕ್ಕಿಂತ ಮುಖ್ಯವಾದದ್ದು: ಅದು ದುಡಿದು ಉಳಿಸಿದ ಹಣವೋ, ಇತರರು ನಮ್ಮಲ್ಲಿ ಇರಿಸಿದ ಹಣವೋ ಎಂಬುದು.

ಈ ನಾಲ್ಕು ಪ್ರಶ್ನೆಗಳನ್ನು ಕೇಳಿಕೊಂಡರೆ ಭಾರತದ ಮೀಸಲು ಹೆಮ್ಮೆಪಡುವಂಥದ್ದೂ ಹೌದು, ಮೈಮರೆಯುವಂಥದ್ದಲ್ಲ ಎಂಬುದೂ ಹೌದು ಎಂದು ತಿಳಿಯುತ್ತದೆ. ಅಡವಿನಿಂದ ಆರಂಭಿಸಿ ಜಗತ್ತಿನ ದೊಡ್ಡ ಮೀಸಲುಗಳ ಸಾಲಿಗೆ ಬಂದು ನಿಂತದ್ದು ಸಾಮಾನ್ಯ ಸಾಧನೆಯಲ್ಲ. ಆದರೆ ನಾರ್ವೆಯಿಂದ ಕಲಿಯಬೇಕಾದದ್ದು ಚಿನ್ನ ಮಾರುವುದನ್ನೂ ಅಲ್ಲ, ನಿಧಿಯ ಗಾತ್ರವನ್ನೂ ಅಲ್ಲ. ನೆಲದಡಿಯಿಂದ ತೆಗೆದು ಮಾರಿದ್ದು ಮರಳಿ ಬೆಳೆಯುವುದಿಲ್ಲ, ಅದರ ಬೆಲೆಯಲ್ಲಿ ಇನ್ನೂ ಹುಟ್ಟದವರಿಗೂ ಪಾಲಿದೆ ಎಂಬ ತಿಳಿವಳಿಕೆಯನ್ನು. ಬಳ್ಳಾರಿ, ಸಂಡೂರುಗಳ ಅದಿರು ಇನ್ನೂ ಮುಗಿದಿಲ್ಲ.